ಎರಡನೆಯ ಬಾರಿ ಕಲಿತ ವೆಂಟಿಲೇಟರ್: ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ರೆಸ್ಪಿರೇಟರಿ ಥೆರಪಿಸ್ಟ್ ತರಬೇತಿಯ ಒಂದು ಪ್ರಕರಣ ಅಧ್ಯಯನ

ಬೆಂಗಳೂರಿನ ಐಸಿಯುವಿನಲ್ಲಿ ಕೆಲವು ವರ್ಷ ವೆಂಟಿಲೇಟರ್‌ಗಳನ್ನು ನೋಡಿಕೊಂಡವರೊಬ್ಬರು ಅಮೆರಿಕಕ್ಕೆ ಹೋದ ಮೇಲೆ ಅದೇ ವೃತ್ತಿಗೆ, ಅಂದರೆ ರೋಗಿಗಳ ಉಸಿರಾಟದ ಆರೈಕೆ ಮಾಡುವ ರೆಸ್ಪಿರೇಟರಿ ಥೆರಪಿಸ್ಟ್ ಕೆಲಸಕ್ಕೆ, ಬೇಕಾದ ಓದನ್ನು ಮೊದಲಿನಿಂದ ಮಾಡಬೇಕಾಗಿ ಬಂದರೆ, ಆ ಎರಡನೆಯ ಓದಿನಲ್ಲಿ ಎಷ್ಟು ಭಾಗ ಬರಿಯ ಪುನರಾವರ್ತನೆ, ಎಷ್ಟು ಭಾಗ ನಿಜವಾದ ಕಲಿಕೆ ಎಂಬುದೇ ಈ ಅಧ್ಯಯನದ ಪ್ರಶ್ನೆ. ಇಲ್ಲಿ ಬರುವ ವಿದ್ಯಾರ್ಥಿನಿ ನಿರ್ದಿಷ್ಟ ವ್ಯಕ್ತಿಯಲ್ಲ. ಈ ದಾರಿಯಲ್ಲಿ ನಡೆಯುವವರಿಗೆ ಸಾಮಾನ್ಯವಾಗಿ ಎದುರಾಗುವ ಸಂದರ್ಭಗಳನ್ನು ಕೂಡಿಸಿ ಈ ಪ್ರಕರಣವನ್ನು ಕಟ್ಟಲಾಗಿದೆ. ಕಾನೂನು, ಶುಲ್ಕ, ಪರೀಕ್ಷೆ ಮತ್ತು ಚಿಕಿತ್ಸೆಯ ವಿವರಗಳು ಮಾತ್ರ ವಾಸ್ತವದಲ್ಲಿ ಇದ್ದಂತೆಯೇ ಇವೆ.

ಹಿನ್ನೆಲೆ

ವಿದ್ಯಾರ್ಥಿನಿ ಹಾಸನ ಜಿಲ್ಲೆಯವರು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯ ಕಾಲೇಜೊಂದರಲ್ಲಿ ರೆಸ್ಪಿರೇಟರಿ ಕೇರ್ ಟೆಕ್ನಾಲಜಿಯಲ್ಲಿ ಬಿ.ಎಸ್ಸಿ. ಮುಗಿಸಿ, ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಐಸಿಯುವಿನಲ್ಲಿ ಕೆಲಸಕ್ಕೆ ಸೇರಿದ್ದರು. ವೆಂಟಿಲೇಟರ್‌ಗೆ ಸರ್ಕ್ಯೂಟ್ ಜೋಡಿಸುವುದು, ಸಕ್ಷನ್ ಮಾಡುವುದು, ನೆಬ್ಯುಲೈಸರ್ ಕೊಡುವುದು, ಮಣಿಕಟ್ಟಿನ ಅಪಧಮನಿಯಿಂದ ಎಬಿಜಿಗೆ (ರಕ್ತದಲ್ಲಿನ ಅನಿಲಗಳ ಪರೀಕ್ಷೆಗೆ) ರಕ್ತ ತೆಗೆಯುವುದು ಇವೆಲ್ಲ ಅವರಿಗೆ ಕೈವಶವಾಗಿದ್ದ ಕೆಲಸಗಳು. ಆದರೆ ಆ ಐಸಿಯುವಿನಲ್ಲಿ ಯಂತ್ರದ ಸೆಟ್ಟಿಂಗ್ ಎಷ್ಟಿರಬೇಕೆಂದು ಹೇಳುತ್ತಿದ್ದವರು ಅರಿವಳಿಕೆ ತಜ್ಞರು. ಹೇಳಿದ್ದನ್ನು ತಪ್ಪಿಲ್ಲದೆ ಮಾಡುವುದು, ಮಾಡಿದ್ದನ್ನು ಬರೆದಿಡುವುದು ಇವರ ಹೊಣೆ. ಮದುವೆಯ ನಂತರ 2018ರ ಕೊನೆಯಲ್ಲಿ ಅವರು, ಕೆಲಸದ ವೀಸಾದಲ್ಲಿರುವವರ ಸಂಗಾತಿಗೆ ಸಿಗುವ ಎಚ್-4 ವೀಸಾದ ಮೇಲೆ, ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದ ಗಂಡನ ಜೊತೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಫ್ರೀಮಾಂಟ್ ನಗರಕ್ಕೆ ಬಂದರು.

ತಮ್ಮ ಪದವಿ ಮತ್ತು ಅನುಭವವನ್ನು ತೋರಿಸಿ, ಪರೀಕ್ಷೆಯೊಂದನ್ನು ಬರೆದರೆ ಪರವಾನಗಿ ಸಿಗುತ್ತದೆ ಎಂದು ಅವರು ಭಾವಿಸಿದ್ದರು. ಭಾರತದಿಂದ ಬರುವ ನರ್ಸ್‌ಗಳು ದಾಖಲೆಗಳನ್ನು ಪರಿಶೀಲನೆಗೆ ಕೊಟ್ಟು ಎನ್‌ಕ್ಲೆಕ್ಸ್ ಪರೀಕ್ಷೆ ಬರೆಯುವುದನ್ನು ಕಂಡವರಿಗೆ ಹಾಗೆ ಅನ್ನಿಸುವುದು ಸಹಜ. ರೆಸ್ಪಿರೇಟರಿ ಥೆರಪಿಯಲ್ಲಿ ಆ ಬಾಗಿಲು ಇಲ್ಲ. ಈ ವೃತ್ತಿಯ ರಾಷ್ಟ್ರೀಯ ಪರೀಕ್ಷೆಗಳನ್ನು ನಡೆಸುವ ಎನ್‌ಬಿಆರ್‌ಸಿ ಮಂಡಳಿಯು, ಹೊಸಬರಾಗಿ ಪರೀಕ್ಷೆಗೆ ಕೂರುವವರು ಕೋಆರ್ಕ್ ಎಂಬ ಸಂಸ್ಥೆಯ ಮಾನ್ಯತೆ ಪಡೆದ ಕಾರ್ಯಕ್ರಮದಲ್ಲಿ ಕನಿಷ್ಠ ಅಸೋಸಿಯೇಟ್ ಪದವಿ (ಎರಡು ವರ್ಷದ ಕಾಲೇಜು ಪದವಿ) ಪಡೆದಿರಬೇಕೆಂದು ವಿಧಿಸುತ್ತದೆ. ಕರ್ನಾಟಕದ ಬಿ.ಎಸ್ಸಿ. ಪದವಿ ಎಷ್ಟೇ ಗಟ್ಟಿಯಾಗಿದ್ದರೂ ಆ ಮಾನ್ಯತೆಯ ವ್ಯಾಪ್ತಿಗೆ ಬರುವುದಿಲ್ಲ. ಅದರ ಜೊತೆಗೆ ಕ್ಯಾಲಿಫೋರ್ನಿಯಾ ರಾಜ್ಯವು 2015ರ ಜನವರಿಯಿಂದ ಹೊಸ ಪರವಾನಗಿಗೆ ಕೆಳಹಂತದ ಸಿಆರ್‌ಟಿ ಸಾಲದು, ಮೇಲಿನ ಹಂತದ ಆರ್‌ಆರ್‌ಟಿ ಅರ್ಹತೆಯೇ ಬೇಕು ಎಂದು ನಿಗದಿಪಡಿಸಿದೆ. ಹೀಗಾಗಿ ಇದ್ದ ದಾರಿ ಒಂದೇ: ಕಾಲೇಜಿಗೆ ಸೇರುವುದು.

ಕಾಲೇಜು ಯಾವುದೆಂಬ ಪ್ರಶ್ನೆ ಹಣದ ಪ್ರಶ್ನೆಯೂ ಹೌದು. ಲಾಭಕ್ಕಾಗಿ ನಡೆಯುವ ಖಾಸಗಿ ಕಾಲೇಜುಗಳು ಬೇಗ ಸೇರಿಸಿಕೊಳ್ಳುತ್ತವೆ, ಆದರೆ ಅವುಗಳ ಶುಲ್ಕ ಹತ್ತಾರು ಸಾವಿರ ಡಾಲರ್‌ಗಳ ಮಟ್ಟದ್ದು. ಕ್ಯಾಲಿಫೋರ್ನಿಯಾದ ಸಾರ್ವಜನಿಕ ಕಮ್ಯುನಿಟಿ ಕಾಲೇಜುಗಳಲ್ಲಿ ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್‌ಗೆ (ಕೋರ್ಸಿನ ಗಾತ್ರ ಅಳೆಯುವ ಮಾನ) 46 ಡಾಲರ್. ನಾಲ್ಕು ಯೂನಿಟ್‌ಗಳ ಸೂಕ್ಷ್ಮಜೀವಶಾಸ್ತ್ರಕ್ಕೆ 184 ಡಾಲರ್. ನಿವಾಸಿಯಲ್ಲದವರಿಗೆ ಇದರ ಮೇಲೆ ಹಲವು ಪಟ್ಟು ಹೆಚ್ಚುವರಿ ಶುಲ್ಕ ಬೀಳುತ್ತದೆ. ಎಚ್-4 ವೀಸಾದಲ್ಲಿರುವವರು ಓದಲು ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕಿಲ್ಲ, ಮತ್ತು ಆ ರಾಜ್ಯದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ನೆಲೆಸಿದ್ದಕ್ಕೆ ದಾಖಲೆ ತೋರಿಸಿದರೆ ನಿವಾಸಿ ಶುಲ್ಕಕ್ಕೆ ಅರ್ಹರಾಗಬಹುದು. ಈ ಲೆಕ್ಕವನ್ನು ಮೊದಲೇ ತಿಳಿದುಕೊಂಡದ್ದು ವಿದ್ಯಾರ್ಥಿನಿಯ ಜಾಣತನ. ಬಂದ ತಿಂಗಳಲ್ಲೇ ವಿಳಾಸದ ದಾಖಲೆಗಳನ್ನು ಕೂಡಿಡಲು ಶುರುಮಾಡಿ, ಡ್ರೈವಿಂಗ್ ಲೈಸೆನ್ಸ್ ಮಾಡಿಸಿ, 2020ರ ಆರಂಭದವರೆಗೆ ಕಾದು ಅವರು ಮೊದಲ ಕೋರ್ಸಿಗೆ ಹೆಸರು ನೋಂದಾಯಿಸಿದರು.

ಪೂರ್ವಸಿದ್ಧತೆಯ ವರ್ಷಗಳು

ಎರಡು ವರ್ಷದ ಕಾರ್ಯಕ್ರಮ ಎಂದು ಕರೆಯಲ್ಪಡುವ ಇದು ನಿಜದಲ್ಲಿ ಎರಡು ವರ್ಷದ್ದಲ್ಲ ಎಂಬುದನ್ನು ಕನ್ನಡದ ಓದುಗರು ಗಮನಿಸಬೇಕು. ಕಾರ್ಯಕ್ರಮಕ್ಕೆ ಅರ್ಜಿ ಹಾಕುವ ಮೊದಲೇ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸೂಕ್ಷ್ಮಜೀವಶಾಸ್ತ್ರ, ರಸಾಯನಶಾಸ್ತ್ರ, ಬೀಜಗಣಿತ, ಇಂಗ್ಲಿಷ್ ಬರವಣಿಗೆ ಇಂಥ ಕೋರ್ಸ್‌ಗಳನ್ನು ಮುಗಿಸಿರಬೇಕು. ವಿದ್ಯಾರ್ಥಿನಿ ತಮ್ಮ ಅಂಕಪಟ್ಟಿಗಳನ್ನು ಮೌಲ್ಯಮಾಪನ ಸಂಸ್ಥೆಯೊಂದಕ್ಕೆ ಕಳಿಸಿ ವರದಿ ತರಿಸಿಕೊಂಡರು. ವರದಿ ಪದವಿಯನ್ನು ಒಪ್ಪಿತು. ಪ್ರಯೋಗಾಲಯ ಸಹಿತವಾದ ವಿಜ್ಞಾನ ಕೋರ್ಸ್‌ಗಳು ಮಾತ್ರ ಅಮೆರಿಕದಲ್ಲೇ, ಅದೂ ಇತ್ತೀಚಿನ ವರ್ಷಗಳಲ್ಲೇ ಆಗಿರಬೇಕೆಂದು ಕಾಲೇಜು ಹೇಳಿತು. ಊರಿನಿಂದ ಫೋನಿನಲ್ಲಿ ಅವರ ಅತ್ತೆ, "ಓದಿದ್ದನ್ನೇ ಮತ್ತೆ ಓದೋದಕ್ಕೆ ಅಷ್ಟು ದೂರ ಹೋಗ್ಬೇಕಿತ್ತೇನಮ್ಮ?" ಎಂದು ಕೇಳಿದ್ದರಲ್ಲಿ ವ್ಯಂಗ್ಯವಿದ್ದರೂ ಪ್ರಶ್ನೆ ತಪ್ಪಾಗಿರಲಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಹಂತದ ಬಹುಭಾಗ ಶುದ್ಧ ಪುನರಾವರ್ತನೆ. ಹೃದಯದ ಕವಾಟಗಳನ್ನು ಮತ್ತೊಮ್ಮೆ ಹೆಸರಿಸಿದ್ದರಿಂದ ಅವರಿಗೆ ಏನೂ ಸಿಗಲಿಲ್ಲ. ಇಂಗ್ಲಿಷ್ ಬರವಣಿಗೆಯ ಕೋರ್ಸ್ ಮಾತ್ರ ಅನಿರೀಕ್ಷಿತವಾಗಿ ಉಪಯೋಗಕ್ಕೆ ಬಂತು. ರೋಗಿಯ ಸ್ಥಿತಿಯನ್ನು ನಾಲ್ಕು ವಾಕ್ಯಗಳಲ್ಲಿ ವಾದದಂತೆ ಜೋಡಿಸಿ ಬರೆಯುವ ಅಭ್ಯಾಸ ಮುಂದೆ ವಾರ್ಡಿನಲ್ಲಿ ಬೇಕಾಯಿತು.

ಕೋವಿಡ್ ಕಾಲದಲ್ಲಿ ತರಗತಿಗಳು ಮನೆಯ ಪರದೆಗೆ ಬಂದದ್ದರಿಂದ ಚಿಕ್ಕ ಮಗುವಿದ್ದ ಅವರಿಗೆ ಒಂದು ರೀತಿಯಲ್ಲಿ ಅನುಕೂಲವೇ ಆಯಿತು. 2021ರ ಬೇಸಿಗೆಯಲ್ಲಿ, ಅಂಕಗಳ ಆಧಾರದ ಮೇಲೆ ನಡೆದ ಆಯ್ಕೆಯಲ್ಲಿ ಅವರಿಗೆ ಸೀಟು ಸಿಕ್ಕಿತು.

ಪ್ರವೇಶದ ನಂತರದ ಆರೋಗ್ಯ ತಪಾಸಣೆಯಲ್ಲಿ ಭಾರತದಂಥ ದೇಶಗಳಿಂದ ಬಂದವರಿಗೆ ವಿಶೇಷವಾದ ಒಂದು ತೊಡಕು ಎದುರಾಯಿತು. ಆಸ್ಪತ್ರೆಗಳಿಗೆ ಹೋಗುವ ವಿದ್ಯಾರ್ಥಿಗಳು ಕ್ಷಯರೋಗವಿಲ್ಲವೆಂದು ತೋರಿಸಬೇಕು. ಶೈಶವದಲ್ಲಿ ಬಿಸಿಜಿ ಲಸಿಕೆ ಪಡೆದವರಿಗೆ ಚರ್ಮದ ಮೇಲೆ ಮಾಡುವ ಪರೀಕ್ಷೆ ಸುಳ್ಳು ಪಾಸಿಟಿವ್ ಬರುವ ಸಾಧ್ಯತೆಯಿದೆ. ಇವರಿಗೂ ತೋಳು ಊದಿಕೊಂಡಿತು. ಕ್ವಾಂಟಿಫೆರಾನ್‌ನಂಥ ರಕ್ತ ಪರೀಕ್ಷೆಯ ಮೇಲೆ ಬಿಸಿಜಿಯ ಪ್ರಭಾವವಿರುವುದಿಲ್ಲ. ಮೊದಲೇ ಅದನ್ನು ಕೇಳಿ ಮಾಡಿಸಿಕೊಂಡಿದ್ದರೆ ಎಕ್ಸ್-ರೇ, ಮರುಭೇಟಿ ಮತ್ತು ತರಗತಿ ಶುರುವಾಗುವ ವಾರದ ಆತಂಕ ಯಾವುದೂ ಬೇಕಿರಲಿಲ್ಲ.

ವಾರ್ಡಿನಲ್ಲಿ ನಡೆದದ್ದು

ಮೊದಲ ಸೆಮಿಸ್ಟರ್ ಅವರಿಗೆ ಸುಲಭವಾಯಿತು, ಬಹುಶಃ ಬೇಕಾದದ್ದಕ್ಕಿಂತ ಹೆಚ್ಚು ಸುಲಭವಾಯಿತು. ಸಹಪಾಠಿಗಳು ಆಮ್ಲ-ಕ್ಷಾರ ಸಮತೋಲನದ ಲೆಕ್ಕದಲ್ಲಿ ಬೆವರುತ್ತಿದ್ದಾಗ ಇವರಿಗೆ ಪಿಎಚ್ 7.35ರಿಂದ 7.45, ಇಂಗಾಲದ ಡೈಆಕ್ಸೈಡ್ 35ರಿಂದ 45 ಎಂಬ ಮಿತಿಗಳು ನಾಲಿಗೆಯ ತುದಿಯಲ್ಲಿದ್ದವು. ಪ್ರಯೋಗಾಲಯದ ಬೊಂಬೆಯ ಕೈಯಿಂದ ರಕ್ತ ತೆಗೆಯುವಾಗ ಬೋಧಕರು ಇವರನ್ನೇ ಮಾದರಿಯಾಗಿ ನಿಲ್ಲಿಸಿದರು. ಕಷ್ಟ ಶುರುವಾದದ್ದು ಎರಡನೆಯ ಸೆಮಿಸ್ಟರಿನಲ್ಲಿ, ಹನ್ನೆರಡು ಗಂಟೆಗಳ ಪಾಳಿಯ ಕ್ಲಿನಿಕಲ್ ತರಬೇತಿ ಆರಂಭವಾದ ಮೇಲೆ.

ಅವರನ್ನು ಫಿಲಿಪ್ಪೀನ್ಸ್ ಮೂಲದ ಹಿರಿಯ ಥೆರಪಿಸ್ಟ್ ಒಬ್ಬರ ಜೊತೆ ಹಾಕಲಾಗಿತ್ತು. ಮೊದಲ ದಿನವೇ ಆ ಹಿರಿಯರು ಇವರಿಂದ "ಸರ್" ಎಂಬ ಸಂಬೋಧನೆಯನ್ನು ಬಿಡಿಸಿದರು. ಆ ಸಂಬೋಧನೆಯ ಹಿಂದಿದ್ದ ಕಾಯುವ ಅಭ್ಯಾಸವನ್ನು ಬಿಡಿಸಲು ತಿಂಗಳುಗಳೇ ಬೇಕಾದವು. ಈ ಪ್ರಕರಣದ ತಿರುಳಿರುವುದು ಅಲ್ಲಿ ನಡೆದ ಒಂದು ಘಟನೆಯಲ್ಲಿ.

ನ್ಯುಮೋನಿಯಾದಿಂದ ಎಆರ್‌ಡಿಎಸ್ (ಶ್ವಾಸಕೋಶದ ತೀವ್ರ ವೈಫಲ್ಯ) ಆಗಿ ವೆಂಟಿಲೇಟರ್ ಮೇಲಿದ್ದ ಮಧ್ಯವಯಸ್ಸಿನ ಮಹಿಳೆ. ತೂಕ 95 ಕಿಲೊ, ಎತ್ತರ ಐದು ಅಡಿ ಎರಡು ಇಂಚು. ರಾತ್ರಿ ತುರ್ತು ವಿಭಾಗದಲ್ಲಿ ಹಾಕಿದ ಟೈಡಲ್ ವಾಲ್ಯೂಮ್ (ಪ್ರತಿ ಉಸಿರಿಗೆ ಯಂತ್ರ ಕೊಡುವ ಗಾಳಿ) 500 ಮಿಲಿಲೀಟರ್, ಉಸಿರಿನ ದರ 14. ವಿದ್ಯಾರ್ಥಿನಿ ಬೆಳಿಗ್ಗೆ ಯಂತ್ರವನ್ನು ಪರಿಶೀಲಿಸಿ, ಪ್ಲೇಟೋ ಒತ್ತಡ (ಉಸಿರು ತುಂಬಿ ನಿಂತಾಗ ಶ್ವಾಸಕೋಶದೊಳಗಿನ ಒತ್ತಡ) 33 ಸೆಂಟಿಮೀಟರ್ ನೀರಿನಷ್ಟು ಎಂದು ಅಳೆದು, ಹಾಳೆಯಲ್ಲಿ ಬರೆದು, ಮುಂದಿನ ಕೊಠಡಿಗೆ ಹೊರಟರು. 30ಕ್ಕಿಂತ ಹೆಚ್ಚಿನ ಪ್ಲೇಟೋ ಒತ್ತಡ ಶ್ವಾಸಕೋಶಕ್ಕೆ ಹಾನಿಕರವೆಂದು ಅವರಿಗೆ ಗೊತ್ತಿತ್ತು. ಹಿರಿಯರು ಬಾಗಿಲಲ್ಲೇ ತಡೆದು, ಆ ಸಂಖ್ಯೆಯನ್ನು ಬರೆದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದರು. ಡಾಕ್ಟರು ರೌಂಡ್ಸಿಗೆ ಬಂದಾಗ ನೋಡುತ್ತಾರೆ ಎಂಬುದು ಇವರ ಉತ್ತರ. "ಡಾಕ್ಟರು ನಿಮ್ಮನ್ನು ಕೇಳುತ್ತಾರೆ. ಆಗ ಏನು ಹೇಳುತ್ತೀರಿ?" ಎಂದರು ಅವರು.

ಹಿರಿಯರು ಕೇಳಿದ್ದು ತರಗತಿಯಲ್ಲಿ ಆಗಲೇ ಕಲಿಸಿದ್ದ ಲೆಕ್ಕವನ್ನೇ. ಶ್ವಾಸಕೋಶದ ಗಾತ್ರ ಎತ್ತರವನ್ನು ಅನುಸರಿಸುತ್ತದೆಯೇ ಹೊರತು ದೇಹದ ಕೊಬ್ಬನ್ನಲ್ಲ. ಆದುದರಿಂದ ಟೈಡಲ್ ವಾಲ್ಯೂಮನ್ನು ನಿಜವಾದ ತೂಕದಿಂದಲ್ಲ, ಎತ್ತರದಿಂದ ಊಹಿಸಿದ ತೂಕದಿಂದ ನಿರ್ಧರಿಸಬೇಕು. ಮಹಿಳೆಯರಿಗೆ ಸೂತ್ರ 45.5ಕ್ಕೆ, ಐದು ಅಡಿಗಿಂತ ಮೇಲಿನ ಪ್ರತಿ ಇಂಚಿಗೆ 2.3 ಕೂಡಿಸುವುದು. ಈ ರೋಗಿಗೆ ಅದು 50.1 ಕಿಲೊ. ಹಾಗಾಗಿ 500 ಮಿಲಿಲೀಟರ್ ಎಂದರೆ ಪ್ರತಿ ಕಿಲೊಗೆ ಸುಮಾರು ಹತ್ತು. 2000ದಲ್ಲಿ ಪ್ರಕಟವಾದ ಎಆರ್‌ಡಿಎಸ್ ನೆಟ್‌ವರ್ಕ್ ಅಧ್ಯಯನದಲ್ಲಿ ಪ್ರತಿ ಕಿಲೊಗೆ 12 ಮಿಲಿಲೀಟರ್ ಕೊಟ್ಟ ಗುಂಪಿನಲ್ಲಿ ಮರಣ ಪ್ರಮಾಣ ಶೇ. 39.8 ಇದ್ದರೆ 6 ಮಿಲಿಲೀಟರ್ ಕೊಟ್ಟ ಗುಂಪಿನಲ್ಲಿ ಶೇ. 31ಕ್ಕೆ ಇಳಿದಿತ್ತು. ಆರರ ಲೆಕ್ಕದಲ್ಲಿ ಈ ಮಹಿಳೆಗೆ ಬೇಕಾದದ್ದು 300 ಮಿಲಿಲೀಟರ್. ಆದರೆ ಒಂದು ಸಂಖ್ಯೆಯನ್ನು ಇಳಿಸಿ ಸುಮ್ಮನಾಗುವಂತಿಲ್ಲ: 14 ಉಸಿರಿಗೆ 500ರಂತೆ ನಿಮಿಷಕ್ಕೆ ಏಳು ಲೀಟರ್ ಹೋಗುತ್ತಿದ್ದ ಗಾಳಿ ನಾಲ್ಕು ಲೀಟರ್ ಚಿಲ್ಲರೆಗೆ ಕುಸಿದರೆ ಇಂಗಾಲದ ಡೈಆಕ್ಸೈಡ್ ಏರುತ್ತದೆ. ದರವನ್ನು 24ಕ್ಕೆ ಏರಿಸಿದರೆ 7.2 ಲೀಟರ್ ಆಗುತ್ತದೆ. ಆಗಲೂ ಪ್ರತಿ ಉಸಿರಿನಲ್ಲಿ ಶ್ವಾಸನಾಳದ ವಿನಿಮಯವಿಲ್ಲದ ಭಾಗಕ್ಕೆ ಹೋಗಿ ವ್ಯರ್ಥವಾಗುವ ಗಾಳಿಯ ಪಾಲು ಹೆಚ್ಚುವುದರಿಂದ ಡೈಆಕ್ಸೈಡ್ ಸ್ವಲ್ಪ ಏರಿಯೇ ಏರುತ್ತದೆ, ಅದನ್ನು ಒಂದು ಮಿತಿಯವರೆಗೆ ಸಹಿಸಿಕೊಳ್ಳಬೇಕು. ಜೊತೆಗೆ, ಇಷ್ಟು ವೇಗದಲ್ಲಿ ಒಂದು ಉಸಿರು ಪೂರ್ತಿ ಹೊರಬರುವ ಮುನ್ನ ಮುಂದಿನದು ಒಳಗೆ ಹೋಗುತ್ತಿಲ್ಲವೇ ಎಂದು ಪರದೆಯ ಮೇಲಿನ ಫ್ಲೋ ಗೆರೆಯಲ್ಲಿ ನೋಡಬೇಕು.

ಇಷ್ಟನ್ನೂ ವಿದ್ಯಾರ್ಥಿನಿ ಕಾರಿಡಾರಿನಲ್ಲೇ ಬಾಯಿಬಿಟ್ಟು ಹೇಳಿದರು. ಅಂದರೆ ಇದೆಲ್ಲ ಅವರಿಗೆ ತಿಳಿದಿತ್ತು. ಆಸ್ಪತ್ರೆಯಲ್ಲಿ ವೆಂಟಿಲೇಟರ್ ಪ್ರೋಟೊಕಾಲ್ ಜಾರಿಯಲ್ಲಿತ್ತು. ವೈದ್ಯರು ಪ್ರೋಟೊಕಾಲಿಗೆ ಒಮ್ಮೆ ಆದೇಶ ಬರೆದರೆ ಅದರ ಮಿತಿಯೊಳಗೆ ಬದಲಾವಣೆ ಮಾಡುವ ಅಧಿಕಾರ ಥೆರಪಿಸ್ಟರದು. ಹಿರಿಯರು ಪಕ್ಕದಲ್ಲಿ ನಿಂತು, ಎತ್ತರವನ್ನು ಟೇಪಿನಿಂದ ಇನ್ನೊಮ್ಮೆ ಅಳೆಸಿ, ವಾಲ್ಯೂಮನ್ನು ಹಂತಹಂತವಾಗಿ ಇಳಿಸುವ ಕೆಲಸವನ್ನು ಇವರಿಂದಲೇ ಮಾಡಿಸಿದರು. ಪ್ಲೇಟೋ ಒತ್ತಡ 26ಕ್ಕೆ ಇಳಿಯಿತು. ನಂತರದ ಎಬಿಜಿಯಲ್ಲಿ ಪಿಎಚ್ 7.38ರಿಂದ 7.33ಕ್ಕೆ ಇಳಿದು, ಡೈಆಕ್ಸೈಡ್ 42ರಿಂದ 49ಕ್ಕೆ ಏರಿತ್ತು. ರೌಂಡ್ಸಿನಲ್ಲಿ ವೈದ್ಯೆಗೆ ಅದನ್ನು ವಿವರಿಸಿ, ಹೀಗೇ ಬಿಡಬಹುದೆಂದು ಶಿಫಾರಸು ಮಾಡಿದವರೂ ಇವರೇ. ಆ ಸಂಜೆಯ ಮೌಲ್ಯಮಾಪನದಲ್ಲಿ ಹಿರಿಯರು ಕೌಶಲಕ್ಕೆ ಪೂರ್ಣ ಅಂಕ ಕೊಟ್ಟು, "ಸ್ವಂತ ಮುಂದಾಳತ್ವ" ಎಂಬ ಸಾಲಿನಲ್ಲಿ ಕಡಿಮೆ ಅಂಕ ಹಾಕಿದರು. ವಿದ್ಯಾರ್ಥಿನಿಗೆ ಅದು ಅನ್ಯಾಯವೆನ್ನಿಸಿತು. ಅಂಕ ಸರಿಯಾಗಿತ್ತೆಂದೇ ನನ್ನ ಎಣಿಕೆ, ಏಕೆಂದರೆ ತಡೆದು ಕೇಳುವವರು ಬಾಗಿಲಲ್ಲಿ ಇಲ್ಲದಿದ್ದರೆ 33 ಎಂಬ ಸಂಖ್ಯೆ ಹಾಳೆಯಲ್ಲೇ ಉಳಿಯುತ್ತಿತ್ತು.

ಕೆಲವು ತಿಂಗಳ ನಂತರ ಇದಕ್ಕೆ ವಿರುದ್ಧ ದಿಕ್ಕಿನ ಪಾಠವೂ ಆಯಿತು. ಸಿಒಪಿಡಿ (ಶ್ವಾಸನಾಳಗಳ ದೀರ್ಘಕಾಲದ ಕಾಯಿಲೆ) ಇದ್ದ ವೃದ್ಧರೊಬ್ಬರನ್ನು ವೆಂಟಿಲೇಟರಿನಿಂದ ಬಿಡಿಸುವ ಮುನ್ನ ವಿದ್ಯಾರ್ಥಿನಿ ಉಸಿರಿನ ದರ 28ನ್ನು 0.35 ಲೀಟರ್ ಟೈಡಲ್ ವಾಲ್ಯೂಮಿನಿಂದ ಭಾಗಿಸಿ 80 ಎಂಬ ಸೂಚ್ಯಂಕ ಪಡೆದರು. 105ಕ್ಕಿಂತ ಕಡಿಮೆ ಬಂದರೆ ಬಿಡಿಸಲು ಪ್ರಯತ್ನಿಸಬಹುದೆಂಬ ಮಾನದಂಡ 1991ರಿಂದ ಬಳಕೆಯಲ್ಲಿದೆ. ಈಗ ಧೈರ್ಯ ಬಂದಿದ್ದ ಅವರು ಟ್ಯೂಬ್ ತೆಗೆಯಬಹುದೆಂದೇ ಹೇಳಿದರು. ಆದರೆ ಟ್ಯೂಬ್ ತೆಗೆಯುವ ಮುನ್ನ, ರೋಗಿ ತಾನೇ ಉಸಿರಾಡಬಲ್ಲರೇ ಎಂದು ನೋಡುವ ಪರೀಕ್ಷೆಯನ್ನು ಕನಿಷ್ಠ ಅರ್ಧ ಗಂಟೆ ನಡೆಸಬೇಕು. ಇಪ್ಪತ್ತನೆಯ ನಿಮಿಷದ ಹೊತ್ತಿಗೆ ರೋಗಿಯ ದರ 36ಕ್ಕೆ ಏರಿ, ಕತ್ತಿನ ಸ್ನಾಯುಗಳು ಎದ್ದು ಕಾಣತೊಡಗಿದವು. ಪರೀಕ್ಷೆಯನ್ನು ನಿಲ್ಲಿಸಲಾಯಿತು. ನಿರ್ಧಾರದ ಹೊಣೆ ಸಿಕ್ಕಿದೊಡನೆ ಸಂಖ್ಯೆಯೊಂದನ್ನೇ ಅಧಿಕಾರವೆಂದು ನಂಬುವ ಪ್ರವೃತ್ತಿ ಹೊಸಬರಲ್ಲಿ ಸಾಮಾನ್ಯ. ಬೆಂಗಳೂರಿನಲ್ಲಿ ನೂರಾರು ರೋಗಿಗಳನ್ನು ಕಣ್ಣಾರೆ ಕಂಡಿದ್ದ ಇವರು ಆ ಹಳೆಯ ಕಣ್ಣನ್ನು ಇಲ್ಲಿ ಬಳಸಲು ಮರೆತಿದ್ದರು.

ಪರೀಕ್ಷೆ ಮತ್ತು ಪರವಾನಗಿ

2023ರ ಮೇ ತಿಂಗಳಲ್ಲಿ ಅಸೋಸಿಯೇಟ್ ಪದವಿ ಕೈಗೆ ಬಂತು. ಆರ್‌ಆರ್‌ಟಿ ಆಗಲು ಎರಡು ಪರೀಕ್ಷೆಗಳಿದ್ದವು. ಮೊದಲನೆಯದು 160 ಪ್ರಶ್ನೆಗಳ, ಮೂರು ಗಂಟೆಯ ಬಹುಆಯ್ಕೆ ಪರೀಕ್ಷೆ; ಅದರಲ್ಲಿ ಎರಡು ಉತ್ತೀರ್ಣ ಮಟ್ಟಗಳಿದ್ದು, ಕೆಳಗಿನದು ದಾಟಿದರೆ ಸಿಆರ್‌ಟಿ, ಮೇಲಿನದು ದಾಟಿದರೆ ಮಾತ್ರ ಎರಡನೆಯ ಪರೀಕ್ಷೆಗೆ ಅರ್ಹತೆ. ಇದು ಅವರಿಗೆ ತೊಡಕಾಗಲಿಲ್ಲ.

ಎರಡನೆಯದಾದ ಕ್ಲಿನಿಕಲ್ ಸಿಮ್ಯುಲೇಶನ್ ಪರೀಕ್ಷೆಯ ಸ್ವರೂಪ ಬೇರೆ. ನಾಲ್ಕು ಗಂಟೆಗಳಲ್ಲಿ 22 ರೋಗಿಗಳ ಕಥನಗಳು ಬರುತ್ತವೆ. ಮಾಹಿತಿ ಕಲೆಹಾಕುವ ಭಾಗದಲ್ಲಿ ಯಾವ ಯಾವ ಪರೀಕ್ಷೆ ಬೇಕೆಂದು ಆರಿಸಬೇಕು. ಬೇಕಾದದ್ದನ್ನು ಬಿಟ್ಟರೆ ಅಂಕ ಸಿಗುವುದಿಲ್ಲ, ಬೇಡದ್ದನ್ನು ಆರಿಸಿದರೆ ಇರುವ ಅಂಕವೂ ಹೋಗುತ್ತದೆ. ನಿರ್ಧಾರದ ಭಾಗದಲ್ಲಿ ಮುಂದಿನ ಹೆಜ್ಜೆಯನ್ನು ಆರಿಸಬೇಕು, ಮತ್ತು ಕೆಲವೊಮ್ಮೆ ಪರದೆಯ ಮೇಲೆ ವೈದ್ಯರು ಒಪ್ಪಲಿಲ್ಲ, ಬೇರೆ ಆರಿಸಿ ಎಂಬ ಸೂಚನೆ ಬರುತ್ತದೆ. ಹಿಂದಕ್ಕೆ ಹೋಗಿ ತಿದ್ದುವ ಅವಕಾಶವಿಲ್ಲ. ಕಾಲೇಜು ನಡೆಸಿದ ಅಣಕು ಪರೀಕ್ಷೆಯಲ್ಲಿ ವಿದ್ಯಾರ್ಥಿನಿ ಅನುತ್ತೀರ್ಣರಾದರು. ಕಾರಣವನ್ನು ವಿಶ್ಲೇಷಿಸಿದಾಗ ಕಂಡದ್ದು ಅಜ್ಞಾನವಲ್ಲ, ಅತಿ ಎಚ್ಚರಿಕೆ: ಉಸಿರು ಕಟ್ಟುತ್ತಿರುವ ರೋಗಿಗೂ ಅವರು ಎಕ್ಸ್-ರೇ, ಕಫ ಪರೀಕ್ಷೆ, ಶ್ವಾಸಕೋಶ ಸಾಮರ್ಥ್ಯದ ಪರೀಕ್ಷೆ ಎಲ್ಲವನ್ನೂ ಗುರುತಿಸುತ್ತಿದ್ದರು. ತಪ್ಪಾದರೆ ಯಾರಾದರೂ ಕೇಳುತ್ತಾರೆ ಎಂಬ ಭಯವಿರುವಲ್ಲಿ ಏನನ್ನೂ ಬಿಡದಿರುವುದು ರಕ್ಷಣೆ. ಈ ಪರೀಕ್ಷೆಯಲ್ಲಿ ಅದೇ ದೋಷ. ಉಳಿದ ವಾರಗಳನ್ನು ಅವರು ಹೊಸ ವಿಷಯ ಓದಲು ಬಳಸದೆ, ಪ್ರತಿ ಆಯ್ಕೆಯ ಎದುರು ಇದರ ಫಲಿತಾಂಶ ನನ್ನ ಮುಂದಿನ ಹೆಜ್ಜೆಯನ್ನು ಬದಲಿಸುತ್ತದೆಯೇ ಎಂದು ಕೇಳಿಕೊಳ್ಳುವ ಅಭ್ಯಾಸಕ್ಕೆ ಬಳಸಿದರು. ಎರಡೂ ಪರೀಕ್ಷೆಗಳು ಆ ಬೇಸಿಗೆಯಲ್ಲೇ ಮುಗಿದವು.

ಪರವಾನಗಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದಿದ್ದರೂ ತೆರಿಗೆದಾರರ ಐಟಿಐಎನ್ ಸಂಖ್ಯೆಯಿಂದ ಅರ್ಜಿ ಹಾಕಲು ಕ್ಯಾಲಿಫೋರ್ನಿಯಾದ ಕಾನೂನು 2016ರಿಂದ ಅವಕಾಶ ಕೊಟ್ಟಿದೆ. ಆದರೆ ಪರವಾನಗಿ ಬೇರೆ, ದುಡಿಯುವ ಅನುಮತಿ ಬೇರೆ. ಎಚ್-4 ಸಂಗಾತಿಗಳಿಗೆ ಕೆಲಸದ ಅನುಮತಿ ಸಿಗಲಾರಂಭಿಸಿದ್ದು 2015ರ ಮೇ ತಿಂಗಳಿನಿಂದ, ಅದೂ ಮುಖ್ಯವಾಗಿ ಗಂಡನ ಅಥವಾ ಹೆಂಡತಿಯ ಗ್ರೀನ್ ಕಾರ್ಡಿನ ಐ-140 ಅರ್ಜಿ ಮಂಜೂರಾಗಿರುವವರಿಗೆ. ಇವರ ಗಂಡನ ಅರ್ಜಿ 2022ರಲ್ಲಿ ಮಂಜೂರಾದದ್ದು ಅದೃಷ್ಟವೇ ಸರಿ. ಸಹಪಾಠಿಗಳು ಓದುತ್ತಲೇ ಆಸ್ಪತ್ರೆಗಳಲ್ಲಿ ಉಪಕರಣ ಸಹಾಯಕರಾಗಿ, ಆಂಬ್ಯುಲೆನ್ಸ್ ಸಿಬ್ಬಂದಿಯಾಗಿ ದುಡಿದು ಸಂಪರ್ಕ ಗಳಿಸಿದ್ದರು. ಅದರಲ್ಲಿ ಹೆಚ್ಚಿನ ಅವಧಿಯಲ್ಲಿ ಇವರಿಗೆ ಆ ದಾರಿ ಮುಚ್ಚಿತ್ತು. ಕೊನೆಗೆ ಅವರನ್ನು ಕೆಲಸಕ್ಕೆ ಕರೆದದ್ದು ತರಬೇತಿ ಪಡೆದ ಆಸ್ಪತ್ರೆಯೇ, ರಾತ್ರಿ ಪಾಳಿಗೆ.

ವಿಮರ್ಶೆ

ಈ ಪ್ರಕರಣದಲ್ಲಿ ಕಳೆದ ಕಾಲವನ್ನು ಎರಡಾಗಿ ಬಿಡಿಸಿ ನೋಡಬೇಕು. ಪೂರ್ವಸಿದ್ಧತೆಯ ಕೋರ್ಸ್‌ಗಳು ಮತ್ತು ಮೊದಲ ಸೆಮಿಸ್ಟರ್ ಪದವೀಧರೆಯೊಬ್ಬರಿಗೆ ಅನಗತ್ಯವಾಗಿದ್ದವು. ವಿದೇಶದ ರೆಸ್ಪಿರೇಟರಿ ಪದವೀಧರರಿಗೆ ಕ್ಲಿನಿಕಲ್ ಹಂತದಿಂದಲೇ ಪ್ರವೇಶ ಕೊಡುವ ಸೇತುವೆ ಕೋರ್ಸ್ ಇದ್ದಿದ್ದರೆ ಅವರ ಎರಡು ವರ್ಷವಾದರೂ ಉಳಿಯುತ್ತಿತ್ತು. ಕ್ಲಿನಿಕಲ್ ತರಬೇತಿಯ ವಿಷಯ ಹಾಗಲ್ಲ. ಕೈಕೌಶಲ ಮತ್ತು ತಿಳಿವಳಿಕೆ ಎರಡೂ ಇದ್ದವರಿಗೆ, ಎರಡನ್ನೂ ಸೇರಿಸಿ ಒಂದು ನಿರ್ಧಾರವನ್ನು ವೈದ್ಯರ ಮುಂದೆ ಮಂಡಿಸುವ ರೂಢಿ ಬೆಳೆದದ್ದು ಅಲ್ಲೇ. ಬೆಂಗಳೂರಿನ ತರಬೇತಿ ಕಳಪೆ ಎಂದು ಇದರರ್ಥವಲ್ಲ. ಆ ಐಸಿಯುವಿನಲ್ಲಿ ಅವರ ಹುದ್ದೆಗೆ ಅಂಥ ಅಧಿಕಾರವನ್ನೇ ಕೊಟ್ಟಿರಲಿಲ್ಲ, ಕೊಡದ ಅಧಿಕಾರವನ್ನು ಚಲಾಯಿಸಲು ಯಾರೂ ಕಲಿಯಲಾರರು. ಭಾರತದಲ್ಲಿ 2021ರಲ್ಲಿ ಬಂದ ಸಹಾಯಕ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆಯು ಉಸಿರಾಟ ತಂತ್ರಜ್ಞರನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಹೆಸರು ನೋಂದಣಿಯ ಜೊತೆಗೆ ಕೆಲಸದ ಅಧಿಕಾರವೂ ಸ್ಪಷ್ಟವಾದರೆ ಮಾತ್ರ ಇಂಥ ಅಂತರ ಕಡಿಮೆಯಾದೀತು.

ಸಂಬಳದ ದೃಷ್ಟಿಯಿಂದ ಶ್ರಮ ವ್ಯರ್ಥವಾಗಿಲ್ಲ; 2023ರ ಮೇ ತಿಂಗಳ ಸರಕಾರಿ ಲೆಕ್ಕದಂತೆ ಈ ವೃತ್ತಿಯ ಮಧ್ಯಮ ವಾರ್ಷಿಕ ವೇತನ ದೇಶಾದ್ಯಂತ 77,960 ಡಾಲರ್ ಇತ್ತು, ಕ್ಯಾಲಿಫೋರ್ನಿಯಾದಲ್ಲಿ ಅದಕ್ಕಿಂತ ಹೆಚ್ಚು. ಬಗೆಹರಿಯದೆ ಉಳಿದಿರುವುದು ಮುಂದಿನ ಮೆಟ್ಟಿಲು. ಈ ವೃತ್ತಿ ನಿಧಾನವಾಗಿ ನಾಲ್ಕು ವರ್ಷದ ಪದವಿಯ ಕಡೆ ಸರಿಯುತ್ತಿದೆ: 2018ರಿಂದ ಹೊಸದಾಗಿ ಆರಂಭವಾಗುವ ಕಾರ್ಯಕ್ರಮಗಳು ಪದವಿ ಮಟ್ಟದವೇ ಆಗಿರಬೇಕೆಂದು ಕೋಆರ್ಕ್ ವಿಧಿಸಿದೆ, ಹಳೆಯ ಅಸೋಸಿಯೇಟ್ ಕಾರ್ಯಕ್ರಮಗಳು ಮಾತ್ರ ಮುಂದುವರಿಯುತ್ತಿವೆ. ಕ್ಯಾಲಿಫೋರ್ನಿಯಾದಲ್ಲಿ ಸ್ಕೈಲೈನ್ ಕಾಲೇಜಿನಂಥ ಕೆಲವು ಕಮ್ಯುನಿಟಿ ಕಾಲೇಜುಗಳೇ, 2014ರ ಕಾನೂನಿನ ಬಲದಿಂದ, ರೆಸ್ಪಿರೇಟರಿ ಕೇರ್‌ನಲ್ಲಿ ಪೂರ್ಣ ಪದವಿ ಕೊಡುತ್ತಿವೆ. ಮೇಲ್ವಿಚಾರಕ ಹುದ್ದೆಗೆ ಆಸ್ಪತ್ರೆಯು ಈ ಪೂರ್ಣ ಪದವಿಯನ್ನು ಕೇಳುತ್ತದೆ. ವಿದ್ಯಾರ್ಥಿನಿಯ ಬಳಿ ಭಾರತದ ಬಿ.ಎಸ್ಸಿ. ಪದವಿ ಇದೆ, ಅದೂ ಇದೇ ವಿಷಯದಲ್ಲಿ. ಅದನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ಕೋರಿ ಅವರು ಆಸ್ಪತ್ರೆಯ ಮಾನವ ಸಂಪನ್ಮೂಲ ವಿಭಾಗಕ್ಕೆ ಹಳೆಯ ಮೌಲ್ಯಮಾಪನ ವರದಿಯನ್ನೇ ಮತ್ತೆ ಸಲ್ಲಿಸಿದ್ದಾರೆ. ಉತ್ತರ ಬರುವವರೆಗೆ ಪದವಿ ಪೂರ್ಣಗೊಳಿಸುವ ಕೋರ್ಸಿಗೆ ಸೇರುವ ನಿರ್ಧಾರವನ್ನು ಮುಂದಕ್ಕೆ ಹಾಕಿದ್ದಾರೆ.